ಒಂದೇ ಅಂಗಡಿಯವರ ಶಾಂತಿ ಸಂಧಾನ

ಅಮೆರಿಕದ ಸ್ವಾತಂತ್ರ್ಯಕ್ಕೆ ಮುದ್ರೆ ಒತ್ತಿದ ಪ್ಯಾರಿಸ್ ಸಂಧಾನವನ್ನು ಬೆಂಜಮಿನ್ ವೆಸ್ಟ್ ಚಿತ್ರಿಸಲು ಹೊರಟರು. ಎಡಗಡೆ ಐವರು ಅಮೆರಿಕನ್ನರು ಗಂಭೀರವಾಗಿ ಮೂಡಿದ್ದಾರೆ. ಬಲಗಡೆ ಬರೀ ಕಂದು ಬಣ್ಣ. ಬ್ರಿಟಿಷರು ಬಂದು ಕೂರಲೇ ಇಲ್ಲ. ಆ ಖಾಲಿ ಜಾಗದ ಯಜಮಾನರು ಬ್ರಿಟನ್ನಿನ ಸಂಧಾನಕಾರ ರಿಚರ್ಡ್ ಆಸ್ವಾಲ್ಡ್ ಸಾಹೇಬರು.

ಸಾಹೇಬರ ಕಸುಬು ವ್ಯಾಪಾರ. 1748ರಲ್ಲಿ ಪಾಲುದಾರರೊಂದಿಗೆ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ನದಿಯ ಬಾನ್ಸ್ ದ್ವೀಪ ಕೊಂಡರು. ಸರಕು, ಗುಲಾಮಗಿರಿಗೆ ಮಾರುವ ಮನುಷ್ಯರು. ಬಿಡುವಿಗೆಂದು ಎರಡು ಕುಳಿಗಳ ಗಾಲ್ಫ್ ಮೈದಾನವೂ ಇತ್ತು. ಚೆಂಡು ಹೊಡೆಯುವ ಕೋಲುಗಳನ್ನು ಹೊರುವ ಆಫ್ರಿಕನ್ನರ ಸೊಂಟಕ್ಕೆ ಸ್ಕಾಟ್ಲೆಂಡಿನ ಚೌಕಳಿ ಬಟ್ಟೆ. ಸಂಸ್ಕೃತಿ ಪ್ರಸಾರದಲ್ಲಿ ಕೊರತೆ ಇರಲಿಲ್ಲ ಎನ್ನಿ.

ಸರಕು ಇಳಿಯುತ್ತಿದ್ದುದು ಅಮೆರಿಕದ ಚಾರ್ಲ್ಸ್‌ಟನ್ ಬಂದರಿನಲ್ಲಿ. ಭತ್ತದ ಬೇಸಾಯ ಬಲ್ಲವರೆಂದು ಅಲ್ಲಿನ ಗದ್ದೆಯ ಧಣಿಗಳಿಗೆ ಈ ಕಡೆಯ ಜನರೇ ಬೇಕು. ದಲ್ಲಾಳಿ ಹೆನ್ರಿ ಲಾರೆನ್ಸ್, ಕಮಿಷನ್ ನೂರಕ್ಕೆ ಹತ್ತು. ಮುಂದೆ ಇದೇ ಲಾರೆನ್ಸ್ ಅಮೆರಿಕದ ಕಾಂಗ್ರೆಸ್ಸಿನ ಅಧ್ಯಕ್ಷರಾದರು, 1780ರಲ್ಲಿ ಸಮುದ್ರದ ಮೇಲೆ ಬ್ರಿಟಿಷರಿಗೆ ಸಿಕ್ಕಿಬಿದ್ದು ಲಂಡನ್ ಟವರ್ ಎಂಬ ಕೋಟೆಯ ಸೆರೆ ಸೇರಿದರು. ಕಾವಲುಗಾರರ ಸಂಬಳದ ಬಿಲ್ಲನ್ನೂ ಕೈದಿಯ ಕೈಗೇ ಕೊಟ್ಟರಂತೆ! ಜಾಮೀನಿಗೆ ನಿಂತವರು ಹಳೆಯ ಧಣಿ ಆಸ್ವಾಲ್ಡ್. ಆಮೇಲೆ ಲಾರೆನ್ಸರ ಬದಲಿಗೆ ಅಮೆರಿಕನ್ನರು ಯಾರ್ಕ್‌ಟೌನ್‌ನಲ್ಲಿ ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನನ್ನು ಬಿಟ್ಟುಕೊಟ್ಟರು. ಕಾರ್ನ್‌ವಾಲಿಸನಾದರೋ ಅದೇ ಟವರಿನ ಅಧಿಪತಿ. ತನ್ನ ಸೆರೆಮನೆಯ ಕೈದಿಗೆ ತಾನೇ ಬದಲಿ. (1791ರಲ್ಲಿ ನಮ್ಮ ಬೆಂಗಳೂರು ಕೋಟೆಗೆ ಲಗ್ಗೆ ಹಾಕಿದ್ದೂ ಇವನೇ. ಆ ವ್ಯವಹಾರದ ಚಿಲ್ಲರೆ ನಮ್ಮ ಪಾಲಿಗೆ ಬಂತು.)

ಇನ್ನು ಸಂಧಾನ. ಮೇಜಿನ ಆಚೆ ಬ್ರಿಟನ್ನಿನ ಪರ ಆಸ್ವಾಲ್ಡ್. 1782ರ ನವೆಂಬರ್ 29ರಂದು, ಎಲ್ಲ ಮುಗಿದ ಹೊತ್ತಿಗೆ, ಈಚೆ ಬಂದು ಕೂತವರು ಲಾರೆನ್ಸ್. ತಮ್ಮದೊಂದು ಸಾಲು ಸೇರಲಿ ಎಂದರು: ಬ್ರಿಟಿಷ್ ಸೇನೆ ಮರಳುವಾಗ ನೀಗ್ರೋಗಳನ್ನಾಗಲಿ ಅಮೆರಿಕನ್ನರ ಬೇರೆ ಆಸ್ತಿಯನ್ನಾಗಲಿ ಒಯ್ಯಕೂಡದು. ಬ್ರಿಟಿಷರ ಕಡೆ ಓಡಿಬಂದ ಗುಲಾಮರಿಗೆ ಬಿಡುಗಡೆಯ ಮಾತು ಕೊಟ್ಟದ್ದು ಬ್ರಿಟಿಷರೇ. ಆಸ್ವಾಲ್ಡ್ ಹುಬ್ಬೇರಿಸಲಿಲ್ಲ. ಸರಕಿನ ಭಾಷೆ ಅವರಿಗೆ ಹೊಸದೇ? ಮರುದಿನ ಸಹಿ ಬಿತ್ತು.

ಕೆಡಿಸಿದ್ದು ನ್ಯೂಯಾರ್ಕಿನ ಬ್ರಿಟಿಷ್ ಸೇನಾಪತಿ ಕಾರ್ಲ್‌ಟನ್. ಕೊಟ್ಟ ಮಾತು ಮಾತೇ ಎಂದು ಸುಮಾರು 3000 ಜನರ ಹೆಸರು ಬರೆಸಿಕೊಂಡು ಹಡಗು ಹತ್ತಿಸಿದ. ವಾಷಿಂಗ್ಟನ್ ಸಿಡಿದರು. ಆ ದಫ್ತರದಲ್ಲಿ ಅವರದೇ ತೋಟದಿಂದ ಓಡಿಬಂದ ಹ್ಯಾರಿ ವಾಷಿಂಗ್ಟನ್ ಎಂಬವನ ಹೆಸರಿದೆ. 1792ರಲ್ಲಿ ಅವನು ಸಿಯೆರಾ ಲಿಯೋನ್‌ನಲ್ಲಿ ಬಂದಿಳಿದಾಗ, ಅದೇ ನದಿಯ ಮೇಲ್ಗಡೆ ಆಸ್ವಾಲ್ಡರ ಬಂಧುಗಳು ಅಂಗಡಿ ತೆರೆದೇ ಇದ್ದರು.