'ಆಯ್ತು' ಅಂದ ಮೇಲೆ

"ಸ್ವಲ್ಪ ನಗ್ರಪ್ಪಾ" ಅಂದ ಕೂಡಲೇ ನಮ್ಮ ಮನೆಯವರು ಯಾರದ್ದೋ ಮನೆಯವರಾಗಿಬಿಡುತ್ತಾರೆ. ಅಕ್ಕನ ಕತ್ತು ಎಡಕ್ಕೆ ವಾಲುತ್ತದೆ. ಅಮ್ಮ ಉಸಿರು ಬಿಗಿ ಹಿಡಿಯುತ್ತಾಳೆ. ಅಪ್ಪನದು ಸದಾ ಪಾಸ್‌ಪೋರ್ಟಿನ ಮುಖ. ಇನ್ನು ನಾನು ಸೆಲ್ಫಿಗೆ ನಿಂತರೆ ಹಲ್ಲು ಕಿರಿಯುತ್ತೇನೆ. ಹಲ್ಲಿನ ಡಾಕ್ಟರು ಮೆಚ್ಚಿಯಾರು, ಬೇರೆ ಯಾರೂ ಅದನ್ನು ನಗು ಅನ್ನುವುದಿಲ್ಲ.

ಇದರಲ್ಲಿ ನಮ್ಮ ತಪ್ಪು ಜಾಸ್ತಿಯೇನಿಲ್ಲ. ಡ್ಯೂಶೆನ್ ಎಂಬ ಫ್ರೆಂಚ್ ನರವೈದ್ಯ ಜನರ ಮುಖಕ್ಕೆ ಸಣ್ಣಗೆ ಕರೆಂಟು ಹಾಯಿಸಿ, ಒಂದೊಂದೇ ಸ್ನಾಯುವನ್ನು ಕುಣಿಸಿ, ಅದರ ಫೋಟೊ ತೆಗೆದು 1862ರಲ್ಲಿ ಪುಸ್ತಕ ಮಾಡಿದ. ಕೆನ್ನೆಯ ಸ್ನಾಯು ಹೇಳಿದ ಮಾತು ಕೇಳುತ್ತದೆ, ತುಟಿಯನ್ನು ಮೇಲಕ್ಕೆ ಎಳೆಯುತ್ತದೆ. ಕಣ್ಣಿನ ಸುತ್ತಲಿನದು ಮಾತ್ರ ಮನಸ್ಸು ನಕ್ಕರಷ್ಟೇ ನಗುತ್ತದೆ ಎಂದ. ಅವನ ಫೋಟೊಗಳಲ್ಲಿ ಒಬ್ಬ ಬೊಚ್ಚು ಬಾಯಿಯ ಮುದುಕ ಮತ್ತೆ ಮತ್ತೆ ಬರುತ್ತಾನೆ. ಪಾಪ, ಕರೆಂಟಿನ ಲೆಕ್ಕದಲ್ಲಿ ನಗುತ್ತಾನೆ, ಬೆಚ್ಚುತ್ತಾನೆ. ಅವನನ್ನು ನೋಡಿದ ಮೇಲೆ ನನ್ನ ಸೆಲ್ಫಿಗಳ ಬಗ್ಗೆ ಸ್ವಲ್ಪ ಸಮಾಧಾನವಾಯಿತು.

ಹಾಗಾದರೆ ಕ್ಯಾಮೆರಾ ಎದುರು ಸುಲಭವಾಗಿ ಸಿಗುವ ಅಸಲಿ ಭಾವ ಯಾವುದು? ನನ್ನ ಪ್ರಕಾರ ಸಿಟ್ಟು. ಅದೂ ಫೋಟೊ ತೆಗೆಯುವವನ ಮೇಲಿನದೇ. 1941ರ ಡಿಸೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಯೂಸುಫ್ ಕಾರ್ಶ್ ಎಂಬ ಫೋಟೊಗ್ರಾಫರ್ ಬ್ರಿಟನ್ನಿನ ಆಗಿನ ಪ್ರಧಾನಿ ಚರ್ಚಿಲ್ ಅವರ ಫೋಟೊ ತೆಗೆಯಬೇಕಿತ್ತು. ಚರ್ಚಿಲ್ ಬಾಯಿಂದ ಚುಟ್ಟಾ ತೆಗೆಯಲೊಲ್ಲರು. ಕಾರ್ಶ್ ಹತ್ತಿರ ಹೋಗಿ, ಕ್ಷಮೆ ಕೇಳಿ, ಅದನ್ನು ಕಿತ್ತುಕೊಂಡೇಬಿಟ್ಟ! ವಾಪಸ್ಸು ಬಂದು ಕ್ಲಿಕ್ಕಿಸಿದಾಗ ಸಿಕ್ಕಿದ್ದು ಆ ಪ್ರಸಿದ್ಧ ಗಂಟುಮುಖ. ಲೋಕ ಅದರಲ್ಲಿ ಯುದ್ಧಕಾಲದ ಬ್ರಿಟನ್ನಿನ ಛಲ ಕಂಡಿತು. ನನಗೆ ಕಾಣುವುದು ಕೈತಪ್ಪಿದ ಚುಟ್ಟಾ.

ನಾನು ಯಾರ ಬಾಯಿಂದಲೂ ಏನನ್ನೂ ಕಿತ್ತುಕೊಳ್ಳುವವನಲ್ಲ. ಸುಮ್ನೆ "ಆಯ್ತು, ಮುಗೀತು" ಅಂತ ಸುಳ್ಳು ಹೇಳುತ್ತಿದ್ದೆ. ಆಗ ಕತ್ತು ನೆಟ್ಟಗಾಗುತ್ತಿತ್ತು, ಉಸಿರು ಸಡಿಲವಾಗುತ್ತಿತ್ತು, ಅಪ್ಪ ಯಾರಿಗೋ ಏನೋ ತಮಾಷೆ ಮಾಡುತ್ತಿದ್ದರು. ಅಷ್ಟರಲ್ಲಿ ಕ್ಲಿಕ್. ನನ್ನ ಒಳ್ಳೆಯ ಫೋಟೊಗಳೆಲ್ಲ ಹೀಗೆ ಕದ್ದವೇ.

ಆದರೆ ಮನೆಯವರು ಎಷ್ಟು ದಿನ ಮೋಸ ಹೋಗುತ್ತಾರೆ, ಅಲ್ವಾ? ಮೊನ್ನೆ "ಆಯ್ತು" ಅಂದೆ. ಯಾರೂ ಅಲ್ಲಾಡಲಿಲ್ಲ. "ಇನ್ನೊಂದು ತೆಗೀತಾನೆ, ಹಾಗೇ ನಿಂತಿರಿ" ಅಂದರು ಅಪ್ಪ. ನಿಂತರು. ನಾನು ಫೋನು ಇಳಿಸಿದೆ. ಆದರೂ ನಿಂತೇ ಇದ್ದರು. ಕೊನೆಗೆ ಅಕ್ಕ ಓರೆಗಣ್ಣಲ್ಲಿ ಅಪ್ಪನನ್ನು ನೋಡಿದಳು, ಅಮ್ಮ ಕಿಸಕ್ಕೆಂದಳು, ಅಪ್ಪನ ಪಾಸ್‌ಪೋರ್ಟ್ ಮುಖವೂ ಬಿರಿಯಿತು. ಎಲ್ಲರ ಕಣ್ಣ ಸುತ್ತಲೂ ಸುಕ್ಕು.

ಫೋನಿನಲ್ಲಿ ನಿಜಕ್ಕೂ ಜಾಗ ಮುಗಿದಿತ್ತು.