ಜಮೀನಿಲ್ಲದವರ ಮರಣವನ್ನು ಎಲ್ಲಿ ಹುಡುಕಬೇಕು?

ಮನೆತನದ ಚರಿತ್ರೆ ಬರೆಯಲು ಹೊರಟ ಹಳೆ ಮೈಸೂರು ಸೀಮೆಯವರು ಸಾಮಾನ್ಯವಾಗಿ ಮೊದಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ ಪೌತಿ ಖಾತೆಯ ಕಡತ ಕೇಳುತ್ತಾರೆ. ಖಾತೆದಾರ ತೀರಿಕೊಂಡ ಮೇಲೆ ಜಮೀನು ವಾರಸುದಾರರ ಹೆಸರಿಗೆ ಬರಬೇಕಾದರೆ ಮ್ಯುಟೇಷನ್ ಆಗಬೇಕು. ಆ ಕಡತದಲ್ಲಿ ವಂಶವೃಕ್ಷ, ಹೇಳಿಕೆ, ಸಾಕ್ಷಿಗಳ ರುಜು ಸಿಗುವುದರಿಂದ ಇದು ಒಳ್ಳೆಯ ದಾರಿಯೇ ಹೌದು. ಆದರೆ ಇದು ನಮ್ಮನ್ನು ಮುಖ್ಯವಾಗಿ ಆಸ್ತಿಯಿದ್ದ ಗಂಡಸರ ಬಳಿಗೇ ಕರೆದೊಯ್ಯುತ್ತದೆ. ಬಾಣಂತನದಲ್ಲಿ ತೀರಿಕೊಂಡ ಹೆಣ್ಣುಮಗಳಾಗಲಿ, ವರ್ಷ ತುಂಬದ ಕೂಸಾಗಲಿ, ಇನ್ನೊಬ್ಬರ ಹೊಲದಲ್ಲಿ ದುಡಿದ ಆಳುಮಗನಾಗಲಿ ಅಲ್ಲಿ ಸಿಗುವುದು ಅಪರೂಪ. ಹಳೆಯ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟಿರುವುದೂ ಉಂಟು. ಮೇಲಾಗಿ ಖಾತೆ ಬದಲಾದ ದಿನ ಮರಣದ ದಿನವಲ್ಲ. ಅಜ್ಜ ತೀರಿಕೊಂಡು ಮೂವತ್ತು ವರ್ಷವಾದ ಮೇಲೆ ಮೊಮ್ಮಕ್ಕಳು ಪೌತಿ ಮಾಡಿಸಿಕೊಂಡ ಮನೆಗಳು ಪ್ರತಿ ಊರಿನಲ್ಲಿವೆ.

ಜಮೀನಿಲ್ಲದವರ ಹೆಸರು ಉಳಿದಿದ್ದರೆ ಅದು ಹಳ್ಳಿಯ ಜನನ ಮರಣ ರಿಜಿಸ್ಟರಿನಲ್ಲಿ. ನಾನು ಇಷ್ಟು ಉದ್ದವಾಗಿ ಬರೆಯುತ್ತಿರುವುದು ಆ ವಹಿಗಳ ಪರವಾಗಿ. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲಿ ಬಂದು, ಕರ್ನಾಟಕದಲ್ಲಿ 1970ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದಕ್ಕೂ ಮೊದಲು, ಪಟೇಲರು ಮತ್ತು ಶಾನುಭೋಗರ ಕಾಲದಲ್ಲೂ, ಊರಿನ ಸಾವುಗಳನ್ನು ಬರೆದಿಡುವ ಕ್ರಮವಿತ್ತು. ಆ ಬರಹದಲ್ಲಿ ಲೋಪಗಳು ಬಹಳ, ಮತ್ತು ಸಾವಿನ ಕಾರಣದ ಅಂಕಣದಲ್ಲಿ ‘ಜ್ವರ’ ಎಂದಿದ್ದರೆ ಅದು ಯಾವ ಜ್ವರವಾದರೂ ಆಗಿರಬಹುದು. ಆದರೂ ಖಾತೆ, ಪಹಣಿ ಯಾವುದೂ ಇಲ್ಲದ ಹೆಂಗಸೊಬ್ಬಳು ಅಲ್ಲಿ ಗಂಡನ ಹೆಸರಿನ ಹಿಂದೆ ‘ಕೋಂ’ (ಇಂಥವರ ಹೆಂಡತಿ) ಎಂದಾದರೂ ಇರುತ್ತಾಳೆ.

ಹುಡುಕುವವರು ಮುಖ್ಯವಾಗಿ ನೆನಪಿಡಬೇಕಾದದ್ದು, ಸಾವು ನೋಂದಣಿಯಾಗುವುದು ವಾಸದ ಊರಿನಲ್ಲಲ್ಲ, ಸಾವು ಸಂಭವಿಸಿದ ಊರಿನಲ್ಲಿ. ಜಿಲ್ಲಾಸ್ಪತ್ರೆಯಲ್ಲಿ ತೀರಿಕೊಂಡವರನ್ನು ಹಳ್ಳಿಯ ವಹಿಯಲ್ಲಿ ಹುಡುಕಿ ಫಲವಿಲ್ಲ. ಆ ಪಟ್ಟಣದ ನಗರಸಭೆಯಲ್ಲಿ ಕೇಳಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹೆರಿಗೆಗೆ ತವರಿಗೆ ಹೋಗುವ ರೂಢಿಯಿದ್ದುದರಿಂದ ಬಾಣಂತಿಯರ ಸಾವು ತವರೂರಿನ ವಹಿಯಲ್ಲಿ ಸೇರಿರುತ್ತದೆ. ಗಂಡನ ಮನೆಯ ಚರಿತ್ರೆ ಬರೆಯುವವರಿಗೆ ಆ ಊರಿನ ಹೆಸರೇ ಗೊತ್ತಿರುವುದಿಲ್ಲ. ಆದ್ದರಿಂದ ಮುತ್ತಜ್ಜಿಯ ತವರು ಯಾವುದೆಂದು ಮನೆಯ ಹಿರಿಯರನ್ನು ಇಂದೇ ಕೇಳಿ ಬರೆದುಕೊಳ್ಳಿ.

ಶ್ರಾದ್ಧ ಮಾಡುವ ಮನೆಗಳಲ್ಲಿ ಮತ್ತೊಂದು ಆಧಾರವಿದೆ. ವರ್ಷ ಮರೆತಿದ್ದರೂ ಮಾಸ, ಪಕ್ಷ, ತಿಥಿ ಉಳಿದಿರುತ್ತವೆ. ನನ್ನ ತಂದೆಯ ಅಜ್ಜಿಯ ವಿಷಯದಲ್ಲಿ ಮನೆಯವರಿಗೆ ತಿಳಿದಿದ್ದದ್ದು ಆಶ್ವಯುಜ ಬಹುಳ ಅಷ್ಟಮಿ ಮತ್ತು ಕಾಳಯುಕ್ತಿ ಸಂವತ್ಸರ, ಇಷ್ಟೇ. ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಅದು 1858 ಆಗಬೇಕು, 1918 ಆಗಬೇಕು, ಇಲ್ಲವೇ 1978 ಆಗಬೇಕು. ಮಕ್ಕಳ ವಯಸ್ಸನ್ನು ನೋಡಿದರೆ ನಡುವಿನದೊಂದೇ ಹೊಂದುತ್ತದೆ. 1918ರ ಅಕ್ಟೋಬರ್ ಕೊನೆಯ ವಾರವೆಂದರೆ ಇನ್‌ಫ್ಲುಯೆಂಜಾ ಈ ನಾಡನ್ನು ಬಡಿದ ದಿನಗಳು. ಮನೆಯಲ್ಲಿ ಯಾರೂ ಆ ಕಾಯಿಲೆಯ ಹೆಸರು ಹೇಳಿರಲಿಲ್ಲ. ಆಕೆ ಅದರಿಂದಲೇ ತೀರಿಕೊಂಡಳೆಂದು ನಾನು ಸಾಧಿಸಲಾರೆ, ಆದರೆ ಯಾವ ವರ್ಷದ ವಹಿಯನ್ನು ತೆರೆಯಬೇಕೆಂಬುದು ತಿಥಿಯಿಂದಲೇ ತಿಳಿಯಿತು.

ಎಲ್ಲ ಸೀಮೆಗೂ ಒಂದೇ ದಾರಿ ಹೊಂದುವುದಿಲ್ಲ. 1956ರ ಮೊದಲು ನಮ್ಮ ಜಿಲ್ಲೆಗಳು ಬೇರೆ ಬೇರೆ ಆಡಳಿತಗಳಲ್ಲಿದ್ದವು. ಕಲಬುರಗಿ ಕಡೆಯ ನಿಜಾಮರ ಕಾಲದ ಕಾಗದಗಳನ್ನು ಓದಲು ಉರ್ದು ಬಲ್ಲವರು ಬೇಕು, ಮುಂಬಯಿ ಪ್ರಾಂತ್ಯದಲ್ಲಿದ್ದ ಜಿಲ್ಲೆಗಳ ಹಳೆಯ ಕಾಗದಗಳಿಗೆ ಮರಾಠಿ ಬರೆಯಲು ಹಿಂದೆ ಬಳಸುತ್ತಿದ್ದ ಮೋಡಿ ಲಿಪಿ ಬಲ್ಲವರು ಬೇಕಾಗಬಹುದು. ಉತ್ತರ ಕರ್ನಾಟಕದವರು ತಮ್ಮ ಮನೆತನದ ಹೆಳವರನ್ನು ಮರೆಯಬಾರದು. ತಲೆಮಾರುಗಳ ಹೆಸರನ್ನು ಉಳಿಸಿಕೊಂಡು ಬಂದ ಆ ಸಮುದಾಯಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲವೆಂದು ನನ್ನ ದೃಢ ಅಭಿಪ್ರಾಯ. ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ಸಮಾಧಿ ರಿಜಿಸ್ಟರುಗಳಿವೆ.

ಇನ್ನು ಕಚೇರಿಯ ಮಾತು. ಹಳೆಯ ವಹಿ ಕೇಳಿದಾಗ ‘ಕೋರ್ಟಿನ ಕೆಲಸಕ್ಕೋ, ಪಿಂಚಣಿಗೋ’ ಎಂದು ಕೇಳಿ, ವಂಶದ ಚರಿತ್ರೆಗೆಂದರೆ ಹಿಂದಕ್ಕೆ ಕಳಿಸುವ ಸಿಬ್ಬಂದಿಯನ್ನು ನಾನು ಕಂಡಿದ್ದೇನೆ. 1969ರ ಕಾಯ್ದೆಯ 17ನೇ ಕಲಮಿನ ಪ್ರಕಾರ ಯಾರು ಬೇಕಾದರೂ ನಿಯಮದಂತೆ ಶುಲ್ಕ ಕಟ್ಟಿ ಮರಣದ ನಮೂದನ್ನು ಹುಡುಕಿಸಿ, ಅದರ ನಕಲು ಪಡೆಯಬಹುದು. ಸಾವಿನ ಕಾರಣವನ್ನು ಮಾತ್ರ ಆ ನಕಲಿನಲ್ಲಿ ಕೊಡುವುದಿಲ್ಲ. ಬಾಯಿಮಾತಿನಲ್ಲಿ ‘ಇಲ್ಲ’ ಎಂದರೆ ಸುಮ್ಮನಾಗದೆ, ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರವನ್ನು ಬರಹದಲ್ಲಿ ಕೇಳಿ. ಪ್ರಮಾಣಪತ್ರಕ್ಕೆ ರುಜು ಹಾಕಬೇಕಾದಾಗ ವಹಿಯನ್ನು ನಿಜವಾಗಿ ತೆರೆದು ನೋಡುವ ಸಾಧ್ಯತೆ ಹೆಚ್ಚು.

ಮರಣದ ರಿಜಿಸ್ಟರನ್ನು ನಾಶಪಡಿಸಬಾರದೆಂದು ನಿಯಮವಿದೆ. ಆದರೆ ಗೆದ್ದಲಿಗೂ ಮಳೆನೀರಿಗೂ ನಿಯಮ ಅನ್ವಯಿಸುವುದಿಲ್ಲ. ಈಚೆಗೆ ಕಂದಾಯ ಇಲಾಖೆ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ರೆಕಾರ್ಡ್ ರೂಮುಗಳ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿರುವುದು ಮೆಚ್ಚಬೇಕಾದ ಕೆಲಸ. 1970ಕ್ಕಿಂತ ಹಿಂದಿನ ಮರಣದ ವಹಿಗಳು ಎಲ್ಲೆಲ್ಲಿ ಉಳಿದಿವೆಯೋ ಅವಕ್ಕೂ ಅದೇ ವ್ಯವಸ್ಥೆ ಆಗಬೇಕು, ಮತ್ತು ತಾಲ್ಲೂಕುವಾರು ಯಾವ ವರ್ಷದ ವಹಿ ಇದೆ, ಯಾವುದು ಇಲ್ಲ ಎಂಬ ಪಟ್ಟಿಯನ್ನು ಮೊದಲು ಪ್ರಕಟಿಸಬೇಕು. ನಿಮ್ಮ ತಾಲ್ಲೂಕಿನ ತಹಸೀಲ್ದಾರರಿಗೆ ಈ ಪಟ್ಟಿಯನ್ನು ಕೇಳಿ ಒಂದು ಅರ್ಜಿ ಬರೆಯಿರಿ. ಉತ್ತರ ಬಂದರೆ ಇಲ್ಲಿ ತಿಳಿಸಿ.