ಯಾರೂ ಕೂರದ ಕಡೆ ಒಂದು ಫ್ಯಾನ್

ಇವತ್ತು ಬೆಳಗ್ಗೆಯೂ ಫ್ಯಾನ್ ಆಫ್ ಆಗಿತ್ತು.

ಅಮೆರಿಕದ ಅಯೋವಾ ರಾಜ್ಯದಲ್ಲಿ ಹೊಸ ಮನೆ ಕಟ್ಟಿಸಿಕೊಂಡವರಿಗೆ ಈ ರೇಡಾನ್ ಗೋಳು ಗೊತ್ತು. ಹಾಲು ಉಕ್ಕಿಸಿ, ಗೃಹಪ್ರವೇಶ ಮುಗಿಸಿ, ಬೇಸ್‌ಮೆಂಟಿನಲ್ಲಿ ರೇಡಾನ್ ಟೆಸ್ಟ್ ಇಟ್ಟೆವು. ಲೀಟರ್ ಗಾಳಿಗೆ 9 ಪಿಕೋಕ್ಯೂರಿ ಬಂತು, ವಿಕಿರಣದ ಅಳತೆ ಅದು. 4 ಮುಟ್ಟಿದರೇ ರಿಪೇರಿ ಮಾಡಿಸಿ ಅನ್ನುತ್ತದೆ ಇಲ್ಲಿನ ಸರ್ಕಾರದ ಪರಿಸರ ಸಂಸ್ಥೆ ಇಪಿಎ. ಮಣ್ಣಿನ ಯುರೇನಿಯಂನಿಂದ ಹುಟ್ಟುವ ವಿಕಿರಣದ ಅನಿಲ ಈ ರೇಡಾನ್. ಬಣ್ಣ ಇಲ್ಲ, ವಾಸನೆ ಇಲ್ಲ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್ ತರುವುದರಲ್ಲಿ ಸಿಗರೇಟು ಬಿಟ್ಟರೆ ಇದೇ. ರಾಜ್ಯದ 99 ಕೌಂಟಿಗಳೂ ಇಪಿಎ ನಕ್ಷೆಯಲ್ಲಿ ಅಪಾಯದ ಪಟ್ಟಿಯಲ್ಲಿವೆ. ಅಷ್ಟಾದರೂ ನಮ್ಮ ಬಿಲ್ಡರ್ ನೆಲದಡಿಯಿಂದ ಸೂರಿನವರೆಗೆ ಪೈಪ್ ಮಾತ್ರ ಹಾಕಿದ್ದ. ನೆಲದಡಿಯ ಅನಿಲವನ್ನು ಆ ಪೈಪಿನಲ್ಲಿ ಎಳೆದು ಹೊರಗೆ ಹಾಕುವ ಫ್ಯಾನಿಗೆ ಬೇರೆ ದುಡ್ಡು! ಊಟಕ್ಕೆ ಕೂರಿಸಿ ಬರೀ ಎಲೆ ಹಾಕಿ ಹೋದ ಹಾಗೆ.

ದುಡ್ಡು ಕೊಟ್ಟೆ. ಕೆಲಸದವನು ಬಂದು ಬೇಸ್‌ಮೆಂಟಿನ ಸಂಪಿನ (ಇಲ್ಲಿ ಸಂಪ್ ಅಂದರೆ ನೀರು ತುಂಬಿಡುವ ತೊಟ್ಟಿಯಲ್ಲ, ನೆಲದಡಿಯ ನೀರು ಬಸಿದು ಸೇರುವ ಗುಂಡಿ) ಮುಚ್ಚಳ ಸೀಲ್ ಮಾಡಿದ, ಗ್ಯಾರೇಜಿನ ಮೇಲಿನ ಅಟ್ಟದಲ್ಲಿ ಫ್ಯಾನ್ ಕೂರಿಸಿದ. ಪೈಪಿಗೆ ಯು ಆಕಾರದ ಟ್ಯೂಬ್ ಅಂಟಿಸಿದ, ಒಳಗೆ ಕೆಂಪು ಎಣ್ಣೆ. ಎರಡೂ ಕಡೆ ಏರುಪೇರಾಗಿದ್ದರೆ ಫ್ಯಾನ್ ಎಳೆಯುತ್ತಿದೆ ಅಂತ. ಸಮ ಇದ್ದರೆ ನಿಂತಿದೆ ಅಂತ. 24 ಗಂಟೆಯೂ ಓಡಲೇಬೇಕು.

ಅಷ್ಟರಲ್ಲಿ ಊರಿಂದ ಅಪ್ಪ ಬಂದರು. ಖಾಲಿ ರೂಮಿನಲ್ಲಿ ಫ್ಯಾನ್ ತಿರುಗುತ್ತಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ನನ್ನ ಬಾಲ್ಯದ ಅರ್ಧ "ಸ್ವಿಚ್ ಆಫ್ ಮಾಡಿದ್ಯೇನೋ?" ಅನ್ನುವ ಪ್ರಶ್ನೆಗೇ ಹೋಯಿತು. ಅಂಥವರ ತಲೆಯ ಮೇಲೆ ಹಗಲೂ ರಾತ್ರಿ ಗುಂಯ್ ಅನ್ನುವ ಫ್ಯಾನ್.

"ಅಟ್ಟದಲ್ಲಿ ಯಾರು ಕೂತಿದ್ದಾರೋ?"

"ಯಾರೂ ಇಲ್ಲಪ್ಪ."

"ಮತ್ತೆ?"

ರೇಡಾನ್ ಪುರಾಣ ಪೂರ್ತಿ ಹೇಳಿದೆ. ತಲೆಯಾಡಿಸಿದರು. ಮಲಗುವ ಮುಂಚೆ ಹೋಗಿ ಆಫ್ ಮಾಡಿದರು. ಬೆಳಗ್ಗೆ ನನ್ನನ್ನು ಕೆಳಗೆ ಕರೆದು ಟ್ಯೂಬ್ ತೋರಿಸಿದರು. "ನಿನ್ನೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಇತ್ತು. ಈಗ ನೋಡು, ಸರಿ ಮಾಡಿದ್ದೀನಿ." ನನಗೆ ಸಿಟ್ಟು ನೆತ್ತಿಗೇರಿತು. ಅವರ ಮುಖದ ಹೆಮ್ಮೆ ನೋಡಿ ಸುಮ್ನೆ ಕಾಫಿ ಕುಡಿದೆ. ಆ ಮೇಲೂ ಅದೇ ಕಥೆ. ರಾತ್ರಿ ಅವರು ಆಫ್, ಬೆಳಗ್ಗೆ ನಾನು ಆನ್.

ಊರಿನ ಹೆಂಚಿನ ಮನೆಯಲ್ಲಿ ಇದೆಲ್ಲ ಎಲ್ಲಿತ್ತು? ಗಾಳಿ ಎಲ್ಲಿಂದಲೋ ಬಂದು ಎಲ್ಲಿಂದಲೋ ಹೋಗುತ್ತಿತ್ತು. ಮಳೆಗಾಲದಲ್ಲಿ ಹನಿಯೂ ಕೇಳದೆ ಒಳಗೆ ಬರುತ್ತಿತ್ತು. ಇಲ್ಲಿ ಚಳಿಗೆ ಹೆದರಿ ಕಿಂಡಿ ಬಿಡದೆ ಮುಚ್ಚುತ್ತೇವೆ. ಬಿಸಿಗಾಳಿ ಮೇಲೇರಿದಷ್ಟೂ ಮನೆ ಮಣ್ಣಿನೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ.

ಇವತ್ತು ಸ್ವಿಚ್ ಮೇಲೆ ಟೇಪ್ ಸುತ್ತಿದೆ. ಅಪ್ಪ ಬೇಜಾರೇನೂ ಮಾಡಿಕೊಳ್ಳಲಿಲ್ಲ. ಅವರ ಕಣ್ಣು ಆಗಲೇ ಸಂಪ್ ಪಂಪಿನ ಮೇಲೆ ಬಿದ್ದಿದೆ. ಮಳೆ ಬಂದಾಗ ಅದು ಗೊರ್ ಅಂತ ನೀರನ್ನು ಹಿತ್ತಲಿಗೆ ಸುರಿದದ್ದು ನೋಡಿ ಗಾಬರಿಯಾಗಿ ಓಡಿ ಬಂದರು.

"ಲೋ, ತುಂಬಿದ ಸಂಪನ್ನ ಯಾರಾದ್ರೂ ಖಾಲಿ ಮಾಡ್ತಾರೇನೋ?"